ಜೇನುಗೂಡಿನ ಬಾಗಿಲು ತೆರೆದ ಧರ್ಮಗುರು ಯಾನ್ ಜೆರ್ಜೋನ್

ಇಂದು ಪೋಲೆಂಡಿಗೆ ಸೇರಿರುವ ಸೈಲೀಸಿಯ ಪ್ರಾಂತ್ಯವು ಆಗ ಪ್ರಷ್ಯದ ಆಳ್ವಿಕೆಯಲ್ಲಿತ್ತು. ಅಲ್ಲಿನ ವೊವ್ಕೊವಿತ್ಸೆ ಎಂಬ ಹಳ್ಳಿಯ ರೈತ ಮನೆತನದಲ್ಲಿ 1811ರ ಜನವರಿ 16ರಂದು ಯಾನ್ ಜೆರ್ಜೋನ್ ಜನಿಸಿದರು. ಬ್ರೆಸ್ಲಾವ್ ನಗರದಲ್ಲಿ ದೈವಶಾಸ್ತ್ರವನ್ನು ವ್ಯಾಸಂಗ ಮಾಡಿ 1834ರಲ್ಲಿ ಗುರುದೀಕ್ಷೆ ಪಡೆದ ಅವರು ಮರುವರ್ಷವೇ ಕಾರ್ವೊವಿತ್ಸೆ ಎಂಬ ಚಿಕ್ಕ ಊರಿನ ವಿಚಾರಣೆ ಗುರುಗಳಾದರು. ಬಾಲ್ಯದಿಂದ ಅಂಟಿಬಂದ ಜೇನಿನ ಒಲವು ಅಲ್ಲಿಗೂ ಅವರನ್ನು ಹಿಂಬಾಲಿಸಿತು.

ಆ ಕಾಲದಲ್ಲಿ ಜೇನನ್ನು ಹುಲ್ಲಿನ ಬುಟ್ಟಿಗಳಲ್ಲಿಯೂ ಟೊಳ್ಳುಮರದ ದಿಮ್ಮಿಗಳಲ್ಲಿಯೂ ಸಾಕುತ್ತಿದ್ದರು. ಎರಿಗಳು ಒಳಗೋಡೆಗೆ ಅಂಟಿಕೊಂಡಿರುತ್ತಿದ್ದುದರಿಂದ ಕತ್ತರಿಸದೆ ತೆಗೆಯುವಂತಿರಲಿಲ್ಲ. ಎಷ್ಟೋ ಕಡೆ ಚಳಿಗಾಲಕ್ಕೆ ಮುಂಚೆ ಬುಟ್ಟಿಯಡಿ ಗಂಧಕದ ಹೊಗೆಯಿಟ್ಟು, ನೊಣಗಳನ್ನೆಲ್ಲ ಕೊಂದು ತುಪ್ಪ ತೆಗೆಯುವುದೇ ರೂಢಿಯಾಗಿತ್ತು. ದುಡಿದವರಿಗೆ ದೊರೆತ ಕೂಲಿ ಅದು! 1838ರಲ್ಲಿ ಜೆರ್ಜೋನರು ಪೆಟ್ಟಿಗೆಯೊಳಗೆ ಪಟ್ಟಿಗಳನ್ನು ಅಡ್ಡಲಾಗಿರಿಸಿ, ಒಂದೊಂದು ಪಟ್ಟಿಗೆ ಒಂದೊಂದು ಎರಿ ಇಳಿಯುವಂತೆ ಮಾಡಿದರು. ಪಕ್ಕದ ಬಾಗಿಲು ತೆರೆದು ಎರಿಯನ್ನು ಬಿಡಿಸಿ ನೋಡಿ ಮತ್ತೆ ಇರಿಸಬಹುದಾಯಿತು. ಜೇನುಕೃಷಿಯನ್ನು ಹೊಸದಾಗಿ ಕೈಗೊಳ್ಳುವವನು ಮೊದಲು ಕಲಿಯಬೇಕಾದುದು ಈ ನೋಟವನ್ನೇ.

ಇದರ ಬೆಲೆ ತಿಳಿಯುವುದು ಹಿಮದ ನಾಡಿನಲ್ಲಿ. ಚಳಿಗಾಲದಲ್ಲಿ ಜೇನುನೊಣಗಳು ನಿದ್ರಿಸುವುದಿಲ್ಲ. ರಾಣಿಯನ್ನು ನಡುವಿಟ್ಟುಕೊಂಡು ಉಂಡೆಗಟ್ಟಿ, ಕೂಡಿಟ್ಟ ತುಪ್ಪವನ್ನು ತಿನ್ನುತ್ತ, ರೆಕ್ಕೆಯ ಸ್ನಾಯುಗಳನ್ನು ನಡುಗಿಸಿ ಶಾಖವನ್ನು ಹುಟ್ಟಿಸುತ್ತವೆ. ತುಪ್ಪ ತೀರಿದರೆ ಕುಟುಂಬವೇ ಅಳಿಯುತ್ತದೆ. ಆದುದರಿಂದ ಶರತ್ಕಾಲದಲ್ಲಿಯೇ ರಾಣಿ ಇದೆಯೇ, ಆಹಾರ ಸಾಲುವುದೇ ಎಂದು ಪರೀಕ್ಷಿಸಬೇಕು. ದುರ್ಬಲ ಕುಟುಂಬವನ್ನು ಇನ್ನೊಂದಕ್ಕೆ ಕೂಡಿಸಬೇಕು. ಇಲಿ ನುಗ್ಗದಂತೆ ಬಾಗಿಲನ್ನು ಕಿರಿದುಗೊಳಿಸಬೇಕು. ಬೆಚ್ಚಗಿರಿಸಿದರೂ ಒಳಗಿನ ತೇವ ಹೊರಹೋಗಲು ದಾರಿಯಿರಬೇಕು. ಬಿಡಿ ಎರಿಯಿದ್ದರೆ ಸಿರಿವಂತ ಕುಟುಂಬದ ತುಪ್ಪದ ಎರಿಯೊಂದನ್ನು ಬಡ ಕುಟುಂಬಕ್ಕೆ ಕೊಡಬಹುದು. ಜೆರ್ಜೋನರು ಜೋಡಿಪೆಟ್ಟಿಗೆಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಪೇರಿಸಿ, ಒಂದರ ಬಿಸಿ ಇನ್ನೊಂದಕ್ಕೆ ಒದಗುವಂತೆ ಮಾಡಿದರು. ನಮ್ಮ ಮಲೆನಾಡು ಕರಾವಳಿಗಳ ತುಡುವೆ ಜೇನಿಗೆ ಇಂತಹ ಕಷ್ಟಕಾಲ ಹಿಮದಿಂದಲ್ಲ, ಹೂವಿಲ್ಲದ ಮಳೆಗಾಲದಿಂದ ಬರುತ್ತದೆ.

1848ರಲ್ಲಿ ಮರಿಹುಳು ಕೊಳೆಯುವ ರೋಗ ತಗುಲಿ ಅವರ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಅವರು ಮತ್ತೆ ಕಟ್ಟಿ ಬೆಳೆಸಿದರು; 1853ರಲ್ಲಿ ಇಟಲಿಯ ಹಳದಿ ಜೇನನ್ನು ತರಿಸಿದರು. ಇದಕ್ಕೂ ಮುಂಚೆ, 1845ರಲ್ಲಿಯೇ, ಗಂಡುನೊಣಗಳು ಫಲಿತವಾಗದ ಮೊಟ್ಟೆಯಿಂದ, ಅಂದರೆ ತಂದೆಯಿಲ್ಲದೆ, ಹುಟ್ಟುತ್ತವೆ ಎಂದು ಪ್ರಕಟಿಸಿದ್ದರು. ಪಂಡಿತರು ಬಹುಕಾಲ ಒಪ್ಪಲಿಲ್ಲ. 1856ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಸೀಬೋಲ್ಡ್ ಸೂಕ್ಷ್ಮದರ್ಶಕದ ಪರೀಕ್ಷೆಯಿಂದ ಅವರನ್ನು ಸಮರ್ಥಿಸಿದರು. 1872ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಅದರ ಮರುವರ್ಷವೇ ಅವರ ಪಾಲಿಗೆ ಕಠೋರವಾದ ಚಳಿಗಾಲ ಬಂದಿತು. ಮೇಲಧಿಕಾರಿಗಳೊಡನೆ ಮನಸ್ತಾಪದಿಂದ ಅವರು 1869ರಲ್ಲಿಯೇ ಧರ್ಮಕೇಂದ್ರವನ್ನು ತೊರೆದಿದ್ದರು. 1870ರಲ್ಲಿ ಘೋಷಿತವಾದ ಜಗದ್ಗುರುಗಳ ಅಸ್ಖಲಿತತೆಯ ಸಿದ್ಧಾಂತವನ್ನು ಅವರ ಮನಸ್ಸು ಒಪ್ಪಲಿಲ್ಲ. 1873ರಲ್ಲಿ ಅವರನ್ನು ಧರ್ಮಸಭೆಯಿಂದ ಬಹಿಷ್ಕರಿಸಲಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಅವರು ಬಲಿಪೂಜೆಯ ಪೀಠದಿಂದ ದೂರ ಉಳಿದರು. ಈ ಸಂಗತಿಯನ್ನು ಮುಚ್ಚಿಟ್ಟು ಅವರ ಚರಿತ್ರೆಯನ್ನು ಬರೆಯುವುದು ಸಲ್ಲದು. 1884ರಲ್ಲಿ ಹುಟ್ಟೂರಿಗೆ ಮರಳಿ, ಅಲ್ಲಿಯೂ ಜೇನುಗಳ ನಡುವೆಯೇ ಬದುಕಿದರು. 1905ರಲ್ಲಿ ಧರ್ಮಸಭೆಯೊಡನೆ ಅವರ ಸಮಾಧಾನವಾಯಿತು. 1906ರ ಅಕ್ಟೋಬರ್ 26ರಂದು, ಪೆಟ್ಟಿಗೆಗಳನ್ನು ಚಳಿಗೆ ಅಣಿಗೊಳಿಸುವ ಕಾಲದಲ್ಲಿ, 95 ವರ್ಷದ ಆ ವೃದ್ಧ ಗುರುಗಳು ವೊವ್ಕೊವಿತ್ಸೆಯಲ್ಲಿ ದೈವಾಧೀನರಾದರು. ಅವರ ಸಮಾಧಿ ಅಲ್ಲಿಯೇ ಇದೆ.