ಕತ್ತಿಗಿಂತ ಮೊದಲು ಸೂಜಿ

ಕೆಲವು ವರ್ಷಗಳ ಹಿಂದೆ ನನ್ನ ಪತ್ನಿಯ ಸ್ತನದಲ್ಲಿ ಸಣ್ಣ ಗಂಟೊಂದು ಕಾಣಿಸಿಕೊಂಡಿತು. ವೈದ್ಯೆಯೊಬ್ಬರು ಅಲ್ಟ್ರಾಸೌಂಡ್ ಪರದೆಯನ್ನು ನೋಡುತ್ತ, ಸೂಜಿಯಿಂದ ಅದರ ತುಣುಕುಗಳನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ವರದಿಗಾಗಿ ಕಾದ ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದವರು ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿ.

ಬರ್ನಿ ಜನಿಸಿದ್ದು 1752ರಲ್ಲಿ, ಇಂಗ್ಲೆಂಡಿನ ಕಿಂಗ್ಸ್ ಲಿನ್ ಪಟ್ಟಣದಲ್ಲಿ. ತಂದೆ ಚಾರ್ಲ್ಸ್ ಬರ್ನಿ ಸಂಗೀತದ ಇತಿಹಾಸ ಬರೆದವರು. 1778ರಲ್ಲಿ ಹೆಸರು ಮರೆಮಾಚಿ ಪ್ರಕಟಿಸಿದ ‘ಎವೆಲಿನಾ’ ಕಾದಂಬರಿ ಆಕೆಗೆ ಕೀರ್ತಿ ತಂದಿತು. 1786ರಿಂದ ಐದು ವರ್ಷ ರಾಣಿ ಶಾರ್ಲಟ್‌ಳ ಉಡುಪುಗಳ ಉಸ್ತುವಾರಿ ನೋಡಿಕೊಂಡ ಬರ್ನಿ, ಆರೋಗ್ಯ ಕೆಟ್ಟು ಅರಮನೆಯ ಸೇವೆಯಿಂದ ಹೊರಬಂದರು. 1793ರಲ್ಲಿ, ಫ್ರಾನ್ಸಿನ ಕ್ರಾಂತಿಯಿಂದಾಗಿ ದೇಶ ತೊರೆದಿದ್ದ ಸೇನಾಧಿಕಾರಿ ದಾರ್ಬ್ಲೇಯನ್ನು ವರಿಸಿದರು. 1802ರಲ್ಲಿ ಪತಿಯನ್ನು ಅನುಸರಿಸಿ ಫ್ರಾನ್ಸಿಗೆ ಹೋದವರು, ಮತ್ತೆ ಯುದ್ಧ ಆರಂಭವಾದ ಕಾರಣ ಹತ್ತು ವರ್ಷ ಅಲ್ಲಿಯೇ ಉಳಿಯಬೇಕಾಯಿತು.

1810ರಲ್ಲಿ ಬಲಸ್ತನದಲ್ಲಿ ನೋವು ಕಾಣಿಸಿಕೊಂಡಿತು. ನೆಪೋಲಿಯನ್ನನ ಸೇನೆಯ ಹೆಸರಾಂತ ಶಸ್ತ್ರವೈದ್ಯ ಲಾರೆ ಮೊದಲಾದವರು ನೋಡಿ, ಮುಟ್ಟಿ, ಕ್ಯಾನ್ಸರ್ ಎಂದು ನಿರ್ಧರಿಸಿದರು. 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನ ಮನೆಯಲ್ಲಿಯೇ ಆಕೆಯ ಸ್ತನವನ್ನು ಕತ್ತರಿಸಿ ತೆಗೆಯಲಾಯಿತು. ಅರಿವಳಿಕೆ ಬಳಕೆಗೆ ಬರಲು ಇನ್ನೂ ಮೂರು ದಶಕಗಳಿದ್ದವು. ಕೊಟ್ಟದ್ದು ಒಂದು ಲೋಟ ಮದ್ಯ. ಮುಖದ ಮೇಲೆ ಹೊದಿಸಿದ್ದು ತೆಳು ಕರವಸ್ತ್ರ. ಅದರ ಮೂಲಕವೇ ಕತ್ತಿಯ ಹೊಳಪು ಆಕೆಗೆ ಕಾಣುತ್ತಿತ್ತು. ಚೇತರಿಸಿಕೊಂಡ ಮೇಲೆ ಅಕ್ಕ ಎಸ್ತರ್‌ಗೆ ಎಲ್ಲವನ್ನೂ ಪತ್ರದಲ್ಲಿ ತಿಳಿಸಿದರು. ಬರೆದು ಮುಗಿಸಲು ತಿಂಗಳುಗಳೇ ಹಿಡಿದವು. ಬರೆದದ್ದನ್ನು ತಿರುಗಿ ಓದುವ ಧೈರ್ಯ ಆಕೆಗೆ ಬರಲಿಲ್ಲ.

ಅನಂತರ ಬರ್ನಿ ಇಪ್ಪತ್ತೆಂಟು ವರ್ಷ ಬದುಕಿದರು. ಪತಿಯನ್ನೂ ಒಬ್ಬನೇ ಮಗನನ್ನೂ ಕಳೆದುಕೊಂಡು, 1840ರಲ್ಲಿ ತಮ್ಮ 87ನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಆ ದೀರ್ಘಾಯುಷ್ಯವೇ ಒಂದು ಪ್ರಶ್ನೆಯನ್ನು ಉಳಿಸಿದೆ. ಲಾರೆ ಆಕೆಯ ಪ್ರಾಣ ಉಳಿಸಿದರೇ, ಅಥವಾ ಅಪಾಯವಿಲ್ಲದ ಗಂಟಿಗಾಗಿ ಆಕೆ ಅಷ್ಟೊಂದು ಯಾತನೆ ಉಂಡರೇ? ತೆಗೆದ ಗಡ್ಡೆಯ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪದ್ಧತಿ ಆಗ ಇರಲಿಲ್ಲ. ಉತ್ತರ ಇನ್ನು ಸಿಗಲಾರದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತ ಸಂಖ್ಯಾಶಾಸ್ತ್ರದ ಮೊದಲ ಪಾಠಗಳಲ್ಲೊಂದು, ತಪ್ಪುಗಳು ಎರಡು ಬಗೆಯವು ಎಂಬುದು: ಇರುವುದನ್ನು ಇಲ್ಲವೆನ್ನುವುದು, ಇಲ್ಲದ್ದನ್ನು ಇದೆಯೆನ್ನುವುದು. ಬರ್ನಿಯ ಕಾಲದಲ್ಲಿ ಈ ಎರಡನ್ನೂ ಅಳೆಯುವ ದಾರಿಯಿರಲಿಲ್ಲ. ಇಂದು ಇದೆ. 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ವಿಸ್ತೃತ ಸಮೀಕ್ಷೆಯೊಂದರ ಪ್ರಕಾರ, ಅಲ್ಟ್ರಾಸೌಂಡ್ ಅಥವಾ ಎಕ್ಸ್-ರೇ ಚಿತ್ರದ ಮಾರ್ಗದರ್ಶನದಲ್ಲಿ ಸೂಜಿಯಿಂದ ತುಣುಕು ತೆಗೆದಾಗ 100 ಕ್ಯಾನ್ಸರ್‌ಗಳಲ್ಲಿ 97ರಿಂದ 99 ಪತ್ತೆಯಾಗುತ್ತವೆ. ಚಿತ್ರದ ನೆರವಿಲ್ಲದೆ, ಬರಿಯ ಕೈ ಅಂದಾಜಿನಲ್ಲಿ ತೆಗೆದರೆ ಸುಮಾರು 91 ಮಾತ್ರ. ಕೊಯ್ದು ಮಾಡುವ ಬಯಾಪ್ಸಿಗೆ ಸರಿಸಮಾನವೆನ್ನಬಹುದಾದ ನಿಖರತೆ, ಅದಕ್ಕಿಂತ ಬಹಳ ಕಡಿಮೆ ತೊಂದರೆಯೊಂದಿಗೆ ಸೂಜಿಯಿಂದ ದೊರೆಯುತ್ತದೆ.

ಆದರೂ 99 ಎಂಬುದು 100 ಅಲ್ಲ. ಸೂಜಿ ಗಂಟಿನ ಬದಿಗೆ ಸರಿದಿದ್ದರೆ ವರದಿ ಸುಳ್ಳು ನೆಮ್ಮದಿ ಕೊಡಬಹುದು. ಆದುದರಿಂದಲೇ ವರದಿಯು ಚಿತ್ರದೊಂದಿಗೆ ತಾಳೆಯಾಗುತ್ತದೆಯೇ ಎಂದು ನೋಡಲೇಬೇಕು. ತಾಳೆಯಾಗದಿದ್ದರೆ ಮತ್ತೆ ತುಣುಕು ತೆಗೆಯಬೇಕು. ಜೀವಕೋಶಗಳಲ್ಲಿ ಸಂದೇಹಾಸ್ಪದ ಬದಲಾವಣೆ ಕಂಡರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯದಿಂದ ಪರೀಕ್ಷೆಯನ್ನೇ ಮುಂದೂಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ಭಯಕ್ಕಿಂತ ವಿಳಂಬವೇ ಹೆಚ್ಚು ಅಪಾಯಕಾರಿ.

ನನ್ನ ಪತ್ನಿಯ ಗಂಟು ಕ್ಯಾನ್ಸರ್ ಅಲ್ಲವೆಂದು ವರದಿ ಬಂತು. ಅದು ಚಿತ್ರದೊಂದಿಗೆ ತಾಳೆಯಾಗುತ್ತದೆಂದು ಹೇಳಿದ ಮೇಲೂ ವೈದ್ಯೆ ಆರು ತಿಂಗಳ ಬಳಿಕ ಮತ್ತೊಮ್ಮೆ ಬರಹೇಳಿದರು. ಮನೆಗೆ ಮರಳುವಾಗ ನನಗೆ ಅನ್ನಿಸಿದ್ದಿಷ್ಟು: ರೋಗವನ್ನು ಹಿಡಿದುಕೊಡುವಷ್ಟೇ ದೊಡ್ಡ ಉಪಕಾರ, ಅನಗತ್ಯ ಕತ್ತಿಯಿಂದ ಪಾರುಮಾಡುವುದು. ಬರ್ನಿಗೆ ದಕ್ಕದ ಆ ಉಪಕಾರ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ದಕ್ಕಿದೆ. ಬಳಸಿಕೊಳ್ಳಲು ಹಿಂಜರಿಯಬಾರದು.