ಹೃದಯಕ್ಕೆ ಬಿಡುವು ಕೊಟ್ಟ ಜಾನ್ ಗಿಬ್ಬನ್

ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿನಿ. ಈಗ ಪರ್ಫ್ಯೂಷನಿಸ್ಟ್ ಆಗಿದ್ದೇನೆ. ವೈದ್ಯರು ಹೃದಯವನ್ನು ನಿಲ್ಲಿಸಿ ಶಸ್ತ್ರಚಿಕಿತ್ಸೆ ಮಾಡುವಷ್ಟು ಹೊತ್ತು ರೋಗಿಯ ರಕ್ತವನ್ನು ಯಂತ್ರದ ಮೂಲಕ ಹರಿಸುವುದು ನನ್ನ ಕೆಲಸ. ಊರಿನಲ್ಲಿ ಇದನ್ನು ವಿವರಿಸುವುದು ಕಷ್ಟ. ಆ ಯಂತ್ರವನ್ನು ಕಟ್ಟಿದವರ ಜೀವನ ಹೇಳಿದರೆ ಬೇಗ ಅರ್ಥವಾಗುತ್ತದೆ.

ಜಾನ್ ಗಿಬ್ಬನ್ ಹುಟ್ಟಿದ್ದು 1903ರ ಸೆಪ್ಟೆಂಬರ್ 29ರಂದು, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಮನೆತನದವರು ತಲೆಮಾರುಗಳಿಂದ ವೈದ್ಯರು. ಇವರಿಗೆ ಮಾತ್ರ ಮೊದಲ ವರ್ಷದಲ್ಲೇ ವೈದ್ಯಕೀಯ ಓದು ಬಿಟ್ಟು ಸಾಹಿತಿಯಾಗುವ ಆಸೆ ಹುಟ್ಟಿತು. ಪದವಿ ಮುಗಿಸು, ಆಮೇಲೆ ನೋಡೋಣ ಎಂಬುದು ತಂದೆಯ ನಿಲುವಾಗಿತ್ತು. 1927ರಲ್ಲಿ ಜೆಫರ್ಸನ್ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದರು.

1930ರ ಅಕ್ಟೋಬರ್. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿದ್ದ ಒಬ್ಬ ಹೆಂಗಸಿಗೆ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತದ ಗಡ್ಡೆ ಸಿಕ್ಕಿಕೊಂಡಿತು. ಆಕೆಯ ನಾಡಿ, ರಕ್ತದೊತ್ತಡ ನೋಡುತ್ತಾ ರಾತ್ರಿಯಿಡೀ ಹಾಸಿಗೆಯ ಪಕ್ಕ ಇದ್ದವರು 27 ವರ್ಷದ ಗಿಬ್ಬನ್. ಸಿರೆಗಳು ಊದಿಕೊಳ್ಳುತ್ತಿದ್ದವು, ರಕ್ತ ಕಪ್ಪಾಗುತ್ತಿತ್ತು. ಬೆಳಿಗ್ಗೆ ಹಿರಿಯ ವೈದ್ಯ ಎಡ್ವರ್ಡ್ ಚರ್ಚಿಲ್ ಆರೂವರೆ ನಿಮಿಷದಲ್ಲಿ ಗಡ್ಡೆ ತೆಗೆದರು. ಆಕೆ ಉಳಿಯಲಿಲ್ಲ. ಆ ಕಪ್ಪು ರಕ್ತವನ್ನು ಹೊರಗೆ ಎಳೆದು, ಇಂಗಾಲದ ಡೈಆಕ್ಸೈಡ್ ಕಳೆದು, ಆಮ್ಲಜನಕ ಸೇರಿಸಿ, ಮತ್ತೆ ಧಮನಿಗೆ ತಳ್ಳಲು ಸಾಧ್ಯವಾದರೆ? ಆ ರಾತ್ರಿ ಹೊಳೆದ ಈ ಯೋಚನೆಗೇ ಗಿಬ್ಬನ್ ಮುಂದಿನ 23 ವರ್ಷ ಕೊಟ್ಟರು.

ಹಿರಿಯರು ಪ್ರೋತ್ಸಾಹಿಸಿದ್ದು ಕಡಿಮೆ. ಜೊತೆಗೆ ನಿಂತವರು ಚರ್ಚಿಲ್ ಅವರ ಪ್ರಯೋಗಾಲಯದಲ್ಲಿದ್ದ ಮೇರಿ ಹಾಪ್ಕಿನ್ಸನ್. 1931ರಲ್ಲಿ ಇಬ್ಬರೂ ಮದುವೆಯಾದರು. ಈ ಯಂತ್ರದ ಅರ್ಧ ಹೆಸರು ಮೇರಿಯವರಿಗೆ ಸಲ್ಲಬೇಕೆಂದು ನನ್ನ ಅಭಿಪ್ರಾಯ. ಪ್ರಯೋಗಕ್ಕೆ ಬೆಕ್ಕುಗಳು ಬೇಕಿದ್ದವು. ಮೀನಿನ ತುಂಡು ಮತ್ತು ಗೋಣಿಚೀಲ ಹಿಡಿದು ಗಿಬ್ಬನ್ ರಾತ್ರಿ ಹೊತ್ತು ಬಾಸ್ಟನ್ನಿನ ಬೀದಿಬೆಕ್ಕುಗಳನ್ನು ಹಿಡಿದು ತರುತ್ತಿದ್ದರು. 1935ರಲ್ಲಿ ಒಂದು ಬೆಕ್ಕಿನ ಶ್ವಾಸಕೋಶದ ಧಮನಿಯನ್ನು ಪೂರ್ತಿ ಮುಚ್ಚಿದರೂ ಯಂತ್ರವೇ ಅದರ ರಕ್ತದೊತ್ತಡ ಕಾಯ್ದುಕೊಂಡಿತು. ಗಂಡಹೆಂಡತಿ ಪ್ರಯೋಗಾಲಯದಲ್ಲೇ ಕುಣಿದಾಡಿದರಂತೆ.

ತೊಡಕುಗಳು ಸಣ್ಣವಲ್ಲ. ಹೊರಗೆ ಬಂದ ರಕ್ತ ಹೆಪ್ಪುಗಟ್ಟುತ್ತದೆ; ಅದಕ್ಕೆ ಹೆಪಾರಿನ್ ಬೇಕು. ಪಂಪು ಒರಟಾದರೆ ರಕ್ತಕಣಗಳು ಒಡೆಯುತ್ತವೆ. ಉರುಳೆಯ ಪಂಪು ರಬ್ಬರ್ ನಳಿಕೆಯನ್ನು ಹೊರಗಿನಿಂದ ಒತ್ತುತ್ತಾ ಹೋಗುತ್ತದೆ, ಹಸುವಿನ ಕೆಚ್ಚಲನ್ನು ಬೆರಳುಗಳು ಒತ್ತುವ ಹಾಗೆ. ಎಲ್ಲಕ್ಕಿಂತ ಕಷ್ಟವಾದದ್ದು ಶ್ವಾಸಕೋಶದ ಕೆಲಸ. ರಕ್ತವನ್ನು ತೆಳು ಪೊರೆಯಂತೆ ಹರಡಿದರೆ ಮಾತ್ರ ಸಾಕಷ್ಟು ಆಮ್ಲಜನಕ ಸೇರುತ್ತದೆ. ಬೆಕ್ಕಿಗೆ ಸಾಲುವ ಯಂತ್ರ ಮನುಷ್ಯನಿಗೆ ಸಾಲದು. ಯುದ್ಧಕಾಲದ ಸೈನ್ಯಸೇವೆ ಮುಗಿಸಿ 1946ರಲ್ಲಿ ಜೆಫರ್ಸನ್‌ಗೆ ಮರಳಿದ ಮೇಲೆ ಐಬಿಎಂ ಕಂಪನಿಯ ಎಂಜಿನಿಯರುಗಳು ನೆರವಾದರು. ನೇರವಾಗಿ ನಿಲ್ಲಿಸಿದ ಉಕ್ಕಿನ ಜಾಲರಿಗಳ ಮೇಲೆ ರಕ್ತ ಇಳಿಯುವ ವ್ಯವಸ್ಥೆ ಆಗ ಬಂತು.

1952ರಲ್ಲಿ ಯಂತ್ರವನ್ನು ಮೊದಲು ಬಳಸಿದ್ದು 15 ತಿಂಗಳ ಮಗುವಿನ ಮೇಲೆ. ಹೃದಯದಲ್ಲಿ ಇದೆಯೆಂದುಕೊಂಡಿದ್ದ ರಂಧ್ರ ಅಲ್ಲಿರಲಿಲ್ಲ, ದೋಷ ಬೇರೆಯಾಗಿತ್ತು. ಮಗು ತೀರಿಕೊಂಡಿತು. 1953ರ ಮೇ 6ರಂದು 18 ವರ್ಷದ ಕಾಲೇಜು ವಿದ್ಯಾರ್ಥಿನಿಯ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ರಂಧ್ರವನ್ನು ಹೊಲಿದರು. 26 ನಿಮಿಷ ಆಕೆಯ ಹೃದಯ, ಶ್ವಾಸಕೋಶ ಎರಡರ ಕೆಲಸವನ್ನೂ ಯಂತ್ರವೇ ಮಾಡಿತು. ಆಕೆ ಗುಣವಾಗಿ ಮನೆಗೆ ಹೋದಳು, ದಶಕಗಳ ಕಾಲ ಬದುಕಿದಳು.

ಅದೇ ಜುಲೈಯಲ್ಲಿ ಐದೈದು ವರ್ಷದ ಇಬ್ಬರು ಹುಡುಗಿಯರು ಉಳಿಯಲಿಲ್ಲ. ಗಿಬ್ಬನ್ ಅಲ್ಲಿಗೇ ನಿಲ್ಲಿಸಿದರು. ಇಂಥ ಶಸ್ತ್ರಚಿಕಿತ್ಸೆಯನ್ನು ಅವರು ಮತ್ತೆಂದೂ ಮಾಡಲಿಲ್ಲ. ಆದರೆ ಯಂತ್ರದ ನಕ್ಷೆಗಳನ್ನು ಮುಚ್ಚಿಡಲಿಲ್ಲ. ಮೇಯೊ ಕ್ಲಿನಿಕ್‌ಗೆ ಕೊಟ್ಟರು. ಅಲ್ಲಿ ಜಾನ್ ಕರ್ಕ್ಲಿನ್ ಅದನ್ನು ತಿದ್ದಿ 1955ರಿಂದ ಸಾಲಾಗಿ ಮಕ್ಕಳ ಹೃದಯ ಸರಿಪಡಿಸತೊಡಗಿದರು. ಎರಡೂ ಕೆಲಸಕ್ಕೆ ಎದೆಗಾರಿಕೆ ಬೇಕು. ನಿಲ್ಲಿಸುವುದಕ್ಕೆ ತುಸು ಹೆಚ್ಚೇ ಬೇಕೇನೋ.

ಇಂದಿನ ಎಕ್ಮೊ ಯಂತ್ರ ಇದೇ ಬಳ್ಳಿಯ ಕುಡಿ. ಜಾಲರಿಯ ಬದಲು ಅದರಲ್ಲಿ ಕೃತಕ ಪೊರೆಯಿದೆ. ಆದ್ದರಿಂದ ಗಂಟೆಗಟ್ಟಲೆ ಮಾತ್ರವಲ್ಲ, ದಿನಗಟ್ಟಲೆ ರಕ್ತ ಹರಿಸಬಹುದು. ಸೋತ ಹೃದಯವನ್ನು ಅದು ಗುಣಪಡಿಸುವುದಿಲ್ಲ. ಚೇತರಿಸಿಕೊಳ್ಳಲು, ಇಲ್ಲವೇ ಬದಲಿ ಹೃದಯ ಸಿಗುವವರೆಗೆ, ಕಾಲಾವಕಾಶ ಕೊಡುತ್ತದೆ.

ಗಿಬ್ಬನ್ 1973ರ ಫೆಬ್ರವರಿ 5ರಂದು ಟೆನಿಸ್ ಆಡುತ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ 69 ವರ್ಷ.