ಹೃದಯಾಘಾತವನ್ನು ಗೆದ್ದ ಅಧ್ಯಕ್ಷ: ಲಿಂಡನ್ ಜಾನ್ಸನ್

ಅಮೆರಿಕದ ಅಧ್ಯಕ್ಷರ ಹೆಸರು ಹೇಳಿ ಎಂದರೆ ನಮ್ಮ ತರಗತಿಯಲ್ಲಿ ಲಿಂಕನ್, ಕೆನಡಿ, ಒಬಾಮ, ಟ್ರಂಪ್ ಎಂದು ಹೇಳುತ್ತಾರೆ. ಲಿಂಡನ್ ಬೇನ್ಸ್ ಜಾನ್ಸನ್ ಎಂದು ಹೇಳುವವರು ಯಾರೂ ಇಲ್ಲ. ಕೆನಡಿಯವರ ಹತ್ಯೆಯಾದ ದಿನ ಅಧ್ಯಕ್ಷರಾದವರು, ವಿಯೆಟ್ನಾಂ ಯುದ್ಧವನ್ನು ದೊಡ್ಡದು ಮಾಡಿದವರು ಎಂಬಷ್ಟಕ್ಕೇ ಅವರ ಕಥೆ ಮುಗಿದುಹೋಗುತ್ತದೆ. ಆ ಯುದ್ಧದ ಲೆಕ್ಕವನ್ನು ಇತಿಹಾಸ ಅವರ ಹೆಸರಿಗೇ ಬರೆದಿದೆ, ಅದನ್ನು ನಾನು ಅಳಿಸಲು ಹೊರಟಿಲ್ಲ. ನನಗೆ ಬೇಕಾಗಿರುವುದು ಅವರ ಹೃದಯದ ಕಥೆ. ನಲವತ್ತಾರನೇ ವಯಸ್ಸಿನಲ್ಲಿ ಸಾವಿನ ಬಾಗಿಲಿಗೆ ಹೋಗಿ ಬಂದ ಮನುಷ್ಯ, ಊಟ, ನಿದ್ದೆ, ಅಭ್ಯಾಸಗಳನ್ನು ಬದಲಾಯಿಸಿಕೊಂಡು ಅಧ್ಯಕ್ಷರಾಗುವವರೆಗೆ ಬದುಕಿದ ಕಥೆ ಅದು.

ಜಾನ್ಸನ್ ಹುಟ್ಟಿದ್ದು 1908ರ ಆಗಸ್ಟ್ 27ರಂದು, ಟೆಕ್ಸಾಸ್ ರಾಜ್ಯದ ಸ್ಟೋನ್‌ವಾಲ್ ಎಂಬ ಸಣ್ಣ ಊರಿನ ಹತ್ತಿರ, ಪೆಡರ್ನೇಲ್ಸ್ ನದಿಯ ದಂಡೆಯ ಹೊಲದ ಮನೆಯಲ್ಲಿ. ತಂದೆ ರಾಜ್ಯದ ಶಾಸಕರಾಗಿದ್ದರೂ ಕೃಷಿಯಲ್ಲಿ ಕೈಸುಟ್ಟುಕೊಂಡು ಸಾಲಗಾರರಾದರು. ಮಗ ಶಿಕ್ಷಕರ ಕಾಲೇಜಿನಲ್ಲಿ ಓದುತ್ತಲೇ ಬಡ ಮೆಕ್ಸಿಕನ್ ಮೂಲದ ಮಕ್ಕಳಿಗೆ ಪಾಠ ಹೇಳಿದರು. 1937ರಲ್ಲಿ ಸಂಸತ್ತಿನ ಕೆಳಮನೆಗೆ ಆಯ್ಕೆಯಾದರು. ಅದೇ ವರ್ಷ ಅಕ್ಟೋಬರಿನಲ್ಲಿ ತಂದೆ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಆಗ ತಂದೆಗೆ ಅರವತ್ತು ವರ್ಷ. ತಮ್ಮ ಮನೆತನದ ಗಂಡಸರಿಗೆ ಆಯುಷ್ಯ ಕಡಿಮೆ ಎಂಬ ಭಯ ಅಂದಿನಿಂದ ಜಾನ್ಸನ್ ಅವರನ್ನು ಬಿಡಲಿಲ್ಲ.

ಭಯವಿದ್ದವರು ಹುಷಾರಾಗಿರಬೇಕಲ್ಲವೇ? ಅವರು ದಿನಕ್ಕೆ ಸುಮಾರು 60 ಸಿಗರೇಟು ಸೇದುತ್ತಿದ್ದರು. ಅಂದರೆ ಮೂರು ಪ್ಯಾಕ್. ಕೊಬ್ಬಿನ ಮಾಂಸ, ಕರಿದ ತಿಂಡಿ, ಎಲ್ಲವನ್ನೂ ಅವಸರದಲ್ಲಿ ನುಂಗುವ ಊಟ. ರಾತ್ರಿ ಹನ್ನೊಂದಾದರೂ ಫೋನು ಕೆಳಗಿಡುತ್ತಿರಲಿಲ್ಲ. 1955ರ ಜನವರಿಯಲ್ಲಿ ಅವರು ಸೆನೆಟ್‌ನಲ್ಲಿ ಬಹುಮತ ಪಕ್ಷದ ನಾಯಕರಾದರು. ಆಗ ತೂಕ ನೂರು ಕೆಜಿ ಆಸುಪಾಸಿನಲ್ಲಿತ್ತು.

1955ರ ಜುಲೈ 2, ಶನಿವಾರ. ವಾರದ ಕೊನೆಯ ರಜೆಗೆ ವರ್ಜೀನಿಯಾದ ಮಿಡಲ್‌ಬರ್ಗ್‌ನಲ್ಲಿದ್ದ ಸ್ನೇಹಿತರ ತೋಟದ ಮನೆಗೆ ಕಾರಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆ ಹಿಡಿದುಕೊಂಡಿತು. ಅಜೀರ್ಣ ಎಂದುಕೊಂಡರು. ನಮ್ಮ ಮನೆಗಳಲ್ಲಿ ಗ್ಯಾಸ್ಟ್ರಿಕ್ ಎನ್ನುತ್ತೇವಲ್ಲ, ಅದೇ. ಅದೃಷ್ಟಕ್ಕೆ ಆ ಮನೆಯಲ್ಲಿ ಕ್ಲಿಂಟನ್ ಆಂಡರ್ಸನ್ ಎಂಬ ಇನ್ನೊಬ್ಬ ಸೆನೆಟರ್ ಇದ್ದರು. ಅವರಿಗೆ ಮೊದಲೇ ಒಮ್ಮೆ ಹೃದಯಾಘಾತವಾಗಿತ್ತು. ಜಾನ್ಸನ್ ಅವರ ಮುಖ ನೋಡಿ, ಕೈ ಭಾರ ಎಂದದ್ದನ್ನು ಕೇಳಿ, ಇದು ಹೊಟ್ಟೆಯದಲ್ಲ ಎಂದು ಅವರಿಗೆ ಗೊತ್ತಾಯಿತು. ಡಾಕ್ಟರನ್ನು ಕರೆಸಲೇಬೇಕೆಂದು ಹಟ ಹಿಡಿದರು. ಆ ಹಟ ಇಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೋ.

ಹೃದಯ ಇಡೀ ದೇಹಕ್ಕೆ ರಕ್ತ ಕಳಿಸುತ್ತದೆ, ಆದರೆ ಅದಕ್ಕೂ ತನ್ನ ಪಾಲಿನ ರಕ್ತ ಬೇಕು. ಅದು ಬರುವುದು ಹೃದಯದ ಮೇಲೆಯೇ ಹರಡಿರುವ ಸಣ್ಣ ರಕ್ತನಾಳಗಳಿಂದ. ಅವುಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂಡುತ್ತಾ ಬಂದು, ಒಂದು ದಿನ ಅದು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ದಾರಿ ಮುಚ್ಚಿಹೋಗುತ್ತದೆ. ಆಚೆಗಿನ ಸ್ನಾಯು ಆಮ್ಲಜನಕವಿಲ್ಲದೆ ಸಾಯತೊಡಗುತ್ತದೆ. ಇಂದು ಸ್ಟೆಂಟ್ ಇದೆ, ಬೈಪಾಸ್ ಇದೆ. 1955ರಲ್ಲಿ ಎರಡೂ ಇರಲಿಲ್ಲ. ಆಮ್ಲಜನಕ, ನೋವಿಗೆ ಮಾರ್ಫಿನ್, ರಕ್ತ ಹೆಪ್ಪುಗಟ್ಟದಂತೆ ಔಷಧಿ, ಉಳಿದದ್ದೆಲ್ಲ ಹಾಸಿಗೆ. ಬೆಥೆಸ್ಡಾದ ನೌಕಾದಳ ಆಸ್ಪತ್ರೆಗೆ ಸೇರಿಸಿದಾಗ ಜಾನ್ಸನ್ ಬದುಕುವ ಸಾಧ್ಯತೆ ಅರ್ಧಕ್ಕರ್ಧ ಎಂದು ವೈದ್ಯರು ಲೆಕ್ಕ ಹಾಕಿದರು. ಅವರು ದರ್ಜಿಗೆ ಎರಡು ಸೂಟ್ ಹೇಳಿದ್ದರು, ಒಂದು ಕಂದು, ಒಂದು ನೀಲಿ. ಕಂದು ಬಣ್ಣದ್ದನ್ನು ರದ್ದು ಮಾಡು, ನೀಲಿಯದು ಇರಲಿ, ಬದುಕಿದರೂ ಸತ್ತರೂ ಅದು ಬೇಕಾಗುತ್ತದೆ ಎಂದು ಹೆಂಡತಿಗೆ ಹೇಳಿದರಂತೆ. ಇಂಥ ಹೊತ್ತಿನಲ್ಲೂ ಖರ್ಚು ಉಳಿಸಿದ ಮನುಷ್ಯ.

ಐದು ವಾರ ಆಸ್ಪತ್ರೆ. ಹೆಂಡತಿ ಲೇಡಿ ಬರ್ಡ್ ಅಲ್ಲಿಯೇ ಉಳಿದುಕೊಂಡರು. ಹುಟ್ಟುಹಬ್ಬದ ದಿನ ಟೆಕ್ಸಾಸ್‌ನ ತಮ್ಮ ರ‍್ಯಾಂಚ್‌ಗೆ ಮರಳಿದ ಮೇಲೆ ಅವರ ಮನಸ್ಸು ಕುಸಿದುಬಿಟ್ಟಿತ್ತು. ಮಾತಿಲ್ಲ, ನಗುವಿಲ್ಲ, ಸುಮ್ಮನೆ ಒಂದೇ ಕಡೆ ನೋಡುತ್ತಾ ಮಲಗುತ್ತಿದ್ದರು. ಹೃದಯಾಘಾತದ ನಂತರ ಖಿನ್ನತೆ ಬರುವುದು ಸಾಮಾನ್ಯ ಎಂದು ಈಗ ವೈದ್ಯರು ಹೇಳುತ್ತಾರೆ. ಮನೆಯವರಿಗೆ ಇದು ಗೊತ್ತಿರುವುದಿಲ್ಲ, ಸಿಟ್ಟು ಎಂದುಕೊಳ್ಳುತ್ತಾರೆ.

ಅಲ್ಲಿಂದ ಮೇಲೆದ್ದ ಬಗೆ ನನಗೆ, ವಾಣಿಜ್ಯ ವಿಭಾಗದ ವಿದ್ಯಾರ್ಥಿಗೆ, ತುಂಬಾ ಇಷ್ಟ. ಎಲ್ಲವೂ ಲೆಕ್ಕ! ಲೇಡಿ ಬರ್ಡ್ ಯಾವ ಪದಾರ್ಥದಲ್ಲಿ ಎಷ್ಟು ಕ್ಯಾಲೊರಿ, ಎಷ್ಟು ಕೊಬ್ಬು ಎಂದು ಕಲಿತರು. ನಾವು ಚಿಲ್ಲರೆ ನಗದು ಪುಸ್ತಕ ಬರೆದಂತೆ ತಟ್ಟೆಗೆ ಬಂದದ್ದೆಲ್ಲ ಲೆಕ್ಕಕ್ಕೆ ಬಂತು. ತೂಕ ಎಂಬತ್ತು ಕೆಜಿ ಹತ್ತಿರಕ್ಕೆ ಇಳಿಯಿತು. ಸಿಗರೇಟು ಆ ಜುಲೈಯಲ್ಲೇ ನಿಂತಿತು, ಕಡಿಮೆ ಮಾಡಿದ್ದಲ್ಲ, ನಿಲ್ಲಿಸಿದ್ದು. ಸಂಜೆ ಹತ್ತಿರದ ವಯಸ್ಸಾದ ಸಂಬಂಧಿಯ ಮನೆಯವರೆಗೆ ನಡೆದು ಬರುವುದು ಅಭ್ಯಾಸವಾಯಿತು. ರ‍್ಯಾಂಚ್‌ನಲ್ಲಿ ಈಜುಕೊಳ ಕಟ್ಟಿಸಿದರು. ಮಧ್ಯಾಹ್ನ ಊಟದ ಮೇಲೆ ಮಲಗುವುದನ್ನು ಕಲಿತರು. ಮುಂದೆ ಶ್ವೇತಭವನಕ್ಕೆ ಹೋದಾಗಲೂ ಈ ನಿದ್ದೆ ಬಿಡಲಿಲ್ಲ. ಪೈಜಾಮ ಹಾಕಿಕೊಂಡು ಸರಿಯಾಗಿ ಮಲಗಿ, ಎದ್ದು ಸ್ನಾನ ಮಾಡಿ, ಎರಡನೇ ದಿನ ಶುರುವಾದಂತೆ ರಾತ್ರಿಯವರೆಗೆ ಕೆಲಸ ಮಾಡುತ್ತಿದ್ದರು. ನಮ್ಮ ದಾದಿ ಇದನ್ನು ಕೈಲೂಲಾ ಎನ್ನುತ್ತಾರೆ. ನಾವು ಅದನ್ನು ಸೋಮಾರಿತನ ಎಂದು ನಗುತ್ತೇವೆ.

ಅವರ ಮನೆಯ ಚಿಲ್ಲಿಯ ಕಥೆಯೂ ಇದೆ. ಚಿಲ್ಲಿ ಎಂದರೆ ಟೆಕ್ಸಾಸ್‌ನ ಖಾರದ ಮಾಂಸದ ಸಾರು, ಅಲ್ಲಿಯವರಿಗೆ ನಮ್ಮ ಬಿರಿಯಾನಿ ಇದ್ದ ಹಾಗೆ. ಅದಕ್ಕೆ ದನದ ಕೊಬ್ಬು ಹಾಕುವುದು ರೂಢಿ. ವೈದ್ಯರು ಹೇಳಿದ ಮೇಲೆ ಲೇಡಿ ಬರ್ಡ್ ಕೊಬ್ಬನ್ನು ಕೈಬಿಟ್ಟರು, ಚಿಲ್ಲಿಯನ್ನು ಬಿಡಲಿಲ್ಲ. ಆ ಪಾಕವಿಧಾನ ಕೇಳಿ ಎಷ್ಟು ಜನ ಪತ್ರ ಬರೆದರೆಂದರೆ ಕೊನೆಗೆ ಅದನ್ನು ಕಾರ್ಡಿನಲ್ಲಿ ಮುದ್ರಿಸಿ ಕಳಿಸಬೇಕಾಯಿತು.

ಆದರೆ ನಿಜವಾಗಿ ಅಡುಗೆ ಮಾಡುತ್ತಿದ್ದವರು ಜೆಫರ್ ರೈಟ್ ಎಂಬ ಕಪ್ಪು ಮಹಿಳೆ. 1940ರ ದಶಕದಿಂದ ಆ ಮನೆಯ ಅಡುಗೆ ಅವರದೇ. ಜಾನ್ಸನ್ ಅವರ ತೂಕ ಏರಿ ಇಳಿಯುತ್ತಲೇ ಇತ್ತು, ಪಥ್ಯ ಮುರಿಯುವುದರಲ್ಲಿ ಅವರು ನಿಸ್ಸೀಮರು. ಅವರು ಅಧ್ಯಕ್ಷರಾದ ಮೇಲೆ ಒಮ್ಮೆ ಜೆಫರ್ ಒಂದು ಚೀಟಿ ಬರೆದು ಕೊಟ್ಟರು. ಇಷ್ಟು ವರ್ಷ ನೀವು ಯಜಮಾನರಾಗಿದ್ದಿರಿ, ಇನ್ನು ನಾನು, ಮುಂದಿಟ್ಟದ್ದನ್ನು ತಿನ್ನಿ, ಮತ್ತೆ ಕೇಳಬೇಡಿ, ಗೊಣಗಬೇಡಿ ಎಂಬುದು ಅದರ ಸಾರಾಂಶ. ಅಧ್ಯಕ್ಷರು ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದರು. ಇದೇ ಜೆಫರ್ ಹಿಂದೆ ಜಾನ್ಸನ್ ಕುಟುಂಬದ ಸಾಮಾನು ತುಂಬಿದ ಕಾರಿನಲ್ಲಿ ವಾಷಿಂಗ್ಟನ್‌ನಿಂದ ಟೆಕ್ಸಾಸ್‌ಗೆ ಹೋಗುವಾಗ, ಕಪ್ಪು ಜನರೆಂಬ ಕಾರಣಕ್ಕೆ ದಾರಿಯಲ್ಲಿ ಹೋಟೆಲಿನ ಊಟವಿಲ್ಲ, ಶೌಚಾಲಯವಿಲ್ಲ. ಜನಾಂಗ ಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಮಸೂದೆಗೆ ಬೆಂಬಲ ಕೇಳುವಾಗ ಜಾನ್ಸನ್ ಈ ಕಥೆಯನ್ನೇ ಸಂಸದರಿಗೆ ಹೇಳುತ್ತಿದ್ದರು. ಮಸೂದೆಗೆ ಸಹಿ ಹಾಕಿದ ದಿನ, ಬಳಸಿದ ಪೆನ್ನುಗಳಲ್ಲಿ ಒಂದನ್ನು ಜೆಫರ್ ಅವರಿಗೆ ಕೊಟ್ಟರು. ಆ ದಿನ 1964ರ ಜುಲೈ 2. ಮಿಡಲ್‌ಬರ್ಗ್‌ನಲ್ಲಿ ಎದೆನೋವು ಬಂದು ಸರಿಯಾಗಿ ಒಂಬತ್ತು ವರ್ಷ.

ನಡುವೆ ಒಂದು ಸಣ್ಣ ವಿಷಯಾಂತರ. ಅರ್ಧಕ್ಕರ್ಧ ಬದುಕು ಎಂದಿದ್ದ ಈ ಮನುಷ್ಯ 1961ರಲ್ಲಿ ಉಪಾಧ್ಯಕ್ಷರಾಗಿ ಭಾರತಕ್ಕೂ ಪಾಕಿಸ್ತಾನಕ್ಕೂ ಬಂದಿದ್ದರು. ಕರಾಚಿಯ ರಸ್ತೆಯಲ್ಲಿ ಕಾರು ಇಳಿದು ಜನರ ಕೈಕುಲುಕುತ್ತಾ ಹೋಗಿ, ಬಶೀರ್ ಅಹ್ಮದ್ ಎಂಬ ಒಂಟೆ ಗಾಡಿಯವರಿಗೆ ಅಮೆರಿಕಕ್ಕೆ ಬನ್ನಿ ಎಂದುಬಿಟ್ಟರು. ಬಶೀರ್ ನಿಜವಾಗಿಯೂ ಹೋದರು! ರ‍್ಯಾಂಚ್‌ನಲ್ಲಿ ಅತಿಥಿಯಾಗಿ ಉಳಿದು, ಉರ್ದುವಿನಲ್ಲಿ ಚೆಂದದ ಮಾತಾಡಿ ಎಲ್ಲರ ಮನಸ್ಸು ಗೆದ್ದರು. ಓದಿ ಹೇಳಿದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟವಾದ ಭಾಗ ಇದೇ.

ಮನೆಯಲ್ಲಿ ಓದಿ ಹೇಳಲು ಕಾರಣವಿದೆ. ಎಂಟು ತಿಂಗಳ ಹಿಂದೆ ನಮ್ಮ ಅಬ್ಬಾಗೆ ಅಂಗಡಿಯಲ್ಲಿ ಹಾರ್ಟ್ ಅಟ್ಯಾಕ್ ಆಯಿತು. ವಯಸ್ಸು ನಲವತ್ತೇಳು. ಎರಡು ಸ್ಟೆಂಟ್ ಹಾಕಿದರು. ಅಂದಿನಿಂದ ನಮ್ಮ ಅಡುಗೆಮನೆಯ ಗೋಡೆಗೆ ಒಂದು ನೋಟ್‌ಬುಕ್ ತೂಗುಹಾಕಿದೆ. ತಿಂಗಳಿಗೆ ಐದು ಲೀಟರ್ ಹೋಗುತ್ತಿದ್ದ ಎಣ್ಣೆ ಈಗ ಎರಡೂವರೆ. ಡಾಲ್ಡಾ ಇಲ್ಲ. ಪಾಯಾ ಇಲ್ಲ. ಬಿರಿಯಾನಿ ತಿಂಗಳಿಗೊಮ್ಮೆ, ಕೋಳಿಯದು, ಚರ್ಮ ತೆಗೆದು. ಫಜ್ರ್ ನಮಾಜ್ ಮುಗಿಸಿ ಅಬ್ಬಾ ಕೆರೆಯವರೆಗೆ ನಡೆಯುತ್ತಾರೆ. ಹನ್ನೊಂದು ಕೆಜಿ ಇಳಿದಿದ್ದಾರೆ. ಮೆಟ್ಟಿಲು ಹತ್ತಿದರೆ ಮೊದಲಿನಂತೆ ನಿಲ್ಲುವುದಿಲ್ಲ. ಅಮ್ಮಿ ಪ್ರತಿ ಗುಳಿಗೆಯನ್ನೂ ಎಣಿಸಿ ಕೊಡುತ್ತಾರೆ. ಕಷ್ಟ ಬಂದಿರುವುದು ಈಗ, ಎಲ್ಲಾ ಸರಿಯಾದ ಮೇಲೆ. ಹೋದ ತಿಂಗಳಿನಿಂದ ಅವರ ಶರ್ಟಿನಲ್ಲಿ ಮತ್ತೆ ಸಿಗರೇಟಿನ ವಾಸನೆ. ಗಿರಾಕಿ ಸೇದಿದ್ದು ಎನ್ನುತ್ತಾರೆ. ಈಗ ಆರಾಮವಾಗಿದ್ದೇನಲ್ಲ, ಇಷ್ಟೊಂದು ಲೆಕ್ಕ ಯಾಕೆ ಎಂದೂ ಕೇಳುತ್ತಾರೆ.

ಅವರಿಗೆ ನಾನು ಜಾನ್ಸನ್ ಕಥೆಯನ್ನು 1964ರವರೆಗೆ ಹೇಳಿದ್ದೇನೆ. ಮುಂದಿನದನ್ನು ಎದುರಿಗೆ ಹೇಳಲು ಆಗಲಿಲ್ಲ. ಅಬ್ಬಾ ಕನ್ನಡವನ್ನು ನಿಧಾನವಾಗಿ ಓದುತ್ತಾರೆ, ಆದರೆ ಈ ವಾರ್ತಾಪತ್ರ ಮನೆಗೆ ಬಂದರೆ ಪೂರ್ತಿ ಓದುತ್ತಾರೆ.

ಅಧ್ಯಕ್ಷರಾಗಿ ಜಾನ್ಸನ್ ಸಿಗರೇಟು ಪ್ಯಾಕಿನ ಮೇಲೆ ಆರೋಗ್ಯದ ಎಚ್ಚರಿಕೆ ಮುದ್ರಿಸಬೇಕೆಂಬ ಕಾನೂನಿಗೆ 1965ರಲ್ಲಿ ಸಹಿ ಹಾಕಿದರು. ಅದೇ ತಿಂಗಳು, ಜುಲೈ 30ರಂದು, 65 ದಾಟಿದವರಿಗೆ ಸರ್ಕಾರಿ ಆರೋಗ್ಯ ವಿಮೆ ಕೊಡುವ ಮೆಡಿಕೇರ್‌ಗೂ ಸಹಿಯಾಯಿತು. ಈ ವರ್ಷಗಳಲ್ಲಿ ಅವರು ಶಾಂತವಾಗಿ ಬದುಕಿದರು ಎಂದು ಹೇಳಲಾರೆ. ಯುದ್ಧ, ಬೀದಿಯ ಪ್ರತಿಭಟನೆ, ರಾತ್ರಿಯೆಲ್ಲ ಬರುವ ಸಾವಿನ ಸುದ್ದಿ. ಆದರೂ ಸಿಗರೇಟು ಮುಟ್ಟಲಿಲ್ಲ. 1967ರಲ್ಲಿ ಅವರು ಗುಟ್ಟಾಗಿ ಒಂದು ಲೆಕ್ಕ ಮಾಡಿಸಿದರಂತೆ. ವಿಮಾ ಕಂಪನಿಯವರು ಆಯುಷ್ಯದ ಕೋಷ್ಟಕ ನೋಡಿ ಪ್ರೀಮಿಯಂ ಗೊತ್ತು ಮಾಡುತ್ತಾರಲ್ಲ, ಅದೇ ಬಗೆಯಲ್ಲಿ ತಾವು ಎಷ್ಟು ವರ್ಷ ಬದುಕಬಹುದು ಎಂದು. ಬಂದ ಉತ್ತರ 64. ಮರುವರ್ಷ ಮಾರ್ಚ್ 31ರಂದು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದು ಘೋಷಿಸಿದರು.

1969ರ ಜನವರಿ 20ರಂದು ಅಧಿಕಾರ ಬಿಟ್ಟು ಟೆಕ್ಸಾಸ್‌ಗೆ ಮರಳುವ ವಿಮಾನದಲ್ಲೇ ಸಿಗರೇಟು ಹಚ್ಚಿದರು. ಮಗಳು ಬೇಡವೆಂದು ಕಿತ್ತುಕೊಂಡರೂ ಕೇಳಲಿಲ್ಲ, ಮಕ್ಕಳನ್ನು ಬೆಳೆಸಿಯಾಯಿತು, ಅಧ್ಯಕ್ಷಗಿರಿ ಮುಗಿಯಿತು, ಇನ್ನು ನನ್ನ ಕಾಲ ಎಂದರಂತೆ. ಹದಿಮೂರೂವರೆ ವರ್ಷ ಬಿಟ್ಟಿದ್ದದ್ದು ಕೆಲವೇ ಗಂಟೆಗಳಲ್ಲಿ ವಾಪಸ್ ಬಂತು. ಹೊಗೆ ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ, ಅದರಲ್ಲಿನ ಇಂಗಾಲದ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ, ನಿಕೋಟಿನ್ ಹೃದಯವನ್ನು ಓಡಿಸುತ್ತದೆ. ಹಳೆಯ ಗಾಯವಿದ್ದ ಹೃದಯಕ್ಕೆ ಇವು ಮೂರೂ ಒಟ್ಟಿಗೆ ಸಿಕ್ಕವು. ಪಥ್ಯವೂ ಹೋಯಿತು, ತೂಕ ಮತ್ತೆ ನೂರು ಕೆಜಿ ದಾಟಿತು. 1970ರಲ್ಲಿ ಎದೆನೋವಿನಿಂದ ಆಸ್ಪತ್ರೆ ಸೇರಿದರು. 1972ರ ಏಪ್ರಿಲ್‌ನಲ್ಲಿ ಮಗಳ ಮನೆಗೆ ಹೋಗಿದ್ದಾಗ ಎರಡನೇ ದೊಡ್ಡ ಹೃದಯಾಘಾತ. ಆ ಹೊತ್ತಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ಬಂದಿತ್ತು. ಆದರೆ ಹ್ಯೂಸ್ಟನ್‌ನ ಪ್ರಸಿದ್ಧ ಹೃದಯ ಶಸ್ತ್ರಚಿಕಿತ್ಸಕ ಮೈಕೆಲ್ ಡಿಬೇಕಿ ಅವರ ಹೃದಯದ ಸ್ಥಿತಿ ನೋಡಿ ಆಪರೇಷನ್ ಸಾಧ್ಯವಿಲ್ಲ ಎಂದರು. ಮಧ್ಯಾಹ್ನವಾದರೆ ಎದೆನೋವು, ಹಾಸಿಗೆಯ ಪಕ್ಕ ಆಮ್ಲಜನಕದ ಸಿಲಿಂಡರ್.

ಆ ಡಿಸೆಂಬರಿನಲ್ಲಿ ಆಸ್ಟಿನ್‌ನ ತಮ್ಮ ಗ್ರಂಥಾಲಯದಲ್ಲಿ ನಾಗರಿಕ ಹಕ್ಕುಗಳ ವಿಚಾರ ಸಂಕಿರಣ ನಡೆಯಿತು. ವೈದ್ಯರು ಬೇಡವೆಂದರೂ ಹೋದರು. ವೇದಿಕೆಯ ಮೇಲೆಯೇ ನೋವಿನ ಗುಳಿಗೆ ಬಾಯಿಗೆ ಹಾಕಿಕೊಂಡು, ಕೆಲಸ ಇನ್ನೂ ಮುಗಿದಿಲ್ಲ ಎಂಬ ಅರ್ಥದ ಮಾತಾಡಿದರು. ಅವರ ಕೊನೆಯ ದೊಡ್ಡ ಭಾಷಣ ಅದು.

1973ರ ಜನವರಿ 22ರಂದು ಊಟ ಮುಗಿಸಿ, 1955ರಲ್ಲಿ ಕಲಿತ ಅಭ್ಯಾಸದಂತೆ ರ‍್ಯಾಂಚ್‌ನ ಕೋಣೆಯಲ್ಲಿ ಮಲಗಿದ್ದರು. ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಫೋನಿನಲ್ಲಿ ಕಾವಲಿನವರನ್ನು ಕರೆದರು. ಅವರು ಓಡಿ ಬರುವಷ್ಟರಲ್ಲಿ ನೆಲದ ಮೇಲೆ ಬಿದ್ದಿದ್ದರು. ವಯಸ್ಸು 64. ತಾವೇ ತಂದ ಮೆಡಿಕೇರ್‌ಗೆ ಅರ್ಹರಾಗಲು ಇನ್ನೂ ಏಳು ತಿಂಗಳು ಬೇಕಿತ್ತು. ಲೇಡಿ ಬರ್ಡ್ ಆಗ ಆಸ್ಟಿನ್‌ನಲ್ಲಿದ್ದರು. ಅವರು ಇನ್ನೂ ಮೂವತ್ತನಾಲ್ಕು ವರ್ಷ ಬದುಕಿ, 2007ರಲ್ಲಿ ತೊಂಬತ್ತನಾಲ್ಕನೇ ವಯಸ್ಸಿನಲ್ಲಿ ತೀರಿಕೊಂಡರು. ಪೆಡರ್ನೇಲ್ಸ್ ನದಿಯ ದಂಡೆಯಲ್ಲಿ, ತಂದೆಯ ಸಮಾಧಿಯಿರುವ ಕುಟುಂಬದ ಸ್ಮಶಾನದಲ್ಲೇ ಇಬ್ಬರನ್ನೂ ಹೂಳಲಾಗಿದೆ.